ಹಾಲಮ್ಮನ ಮರದ ಬುಡಕ್ಕೆ ಅಯಸ್ಕಾಂತ

ನೊಣವಿನಕೆರೆ ಕಡೆಯ ನಮ್ಮೂರಲ್ಲಿ ಎಲ್ಲಿ ನೋಡಿದರೂ ತೆಂಗು. ಅದರ ನಡುವೆ ಇದ್ದೂ ಹಾಲಮ್ಮನಿಗೆ ಸ್ವಂತದ್ದು ಅಂತ ಇದ್ದುದು ಹಿತ್ತಲ ಒಂದೇ ಮರ. ಕೊಬ್ಬರಿ ಒಡೆಯುವ ಮನೆಗಳಿಂದ ಚಿಪ್ಪು ತಂದು, ಹಳೇ ಡ್ರಮ್ಮಿನಲ್ಲಿ ಸುಟ್ಟು, ಇದ್ದಿಲು ಮಾಡಿ ಮಾರುವುದು ಅವಳ ಕಸುಬು. ಪಕ್ಕದ ಮನೆಯವಳಾದ ನನಗೆ ಆ ಹೊಗೆ ಅಂದರೆ ಆಗದು, ಹಾಲಮ್ಮ ಅಂದರೆ ಪ್ರಾಣ.

ಹೋದ ವರ್ಷ ಅವಳ ಇದ್ದಿಲಿಗೆ ಹೊಸ ಗಿರಾಕಿ ಬಂದಳು: ತಿಪಟೂರಿನ ಸಿಂಧು, ಸಂಶೋಧನೆ ಮಾಡುವ ಹುಡುಗಿ. ಊರಾಚೆಯ ಗುಜರಿಯವರು ಹಳೇ ಸೋಫಾ, ಟಿವಿ ಒಡೆದು ಗುಡ್ಡೆ ಹಾಕಿದ್ದರು. ಬೇಗ ಬೆಂಕಿ ಹತ್ತದಿರಲಿ ಅಂತ ಅವುಗಳಿಗೆ ಸೇರಿಸಿದ್ದ ರಾಸಾಯನಿಕ ಮಳೆಯಲ್ಲಿ ಇಳಿದು ಊರ ಕಟ್ಟೆಯ ನೀರು ಸೇರಿತ್ತು. ಸಿಂಧು ಇದ್ದಿಲ ಪುಡಿಗೆ ಕಬ್ಬಿಣದ ಅಂಶ ಕೂಡಿಸಿ, ಆ ನೀರು ತುಂಬಿದ ತೊಟ್ಟಿಗೆ ಹಾಕುತ್ತಿದ್ದಳು. ನೀರಿನಲ್ಲಿದ್ದ ವಿಷವೆಲ್ಲ ಪುಡಿಗೆ ಅಂಟಿಕೊಂಡ ಮೇಲೆ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಮೇಲೆದ್ದು ಬರುತ್ತಿತ್ತು. ಇದೆಲ್ಲ ನಡೆಯುತ್ತಿದ್ದುದು ಹಾಲಮ್ಮನ ಹಿತ್ತಲಲ್ಲೇ.

ಒಂದು ಬೆಳಿಗ್ಗೆ ಸಿಂಧು ಬಂದು ನೋಡಿದರೆ, ಬಳಸಿದ ಪುಡಿ ಒಣಗಲು ಇಟ್ಟಿದ್ದ ಬೋಸಿ ಖಾಲಿ!

"ಮರದ ಬುಡಕ್ಕೆ ಹಾಕ್ದೆ ಕಣವ್ವ," ಅಂದಳು ಹಾಲಮ್ಮ ಹೆಮ್ಮೆಯಿಂದ. ಒಲೆಯ ಬೂದಿ, ಇದ್ದಿಲ ಪುಡಿ ಏನೇ ಮಿಕ್ಕರೂ ತೆಂಗಿನ ಬುಡಕ್ಕೇ ಸುರಿಯುವ ಊರು ನಮ್ಮದು. "ಮೊದ್ಲ ಹೊಂಬಾಳೆ ಬಿಟ್ಟೈತೆ. ಕಸುವಾಗ್ಲಿ ಅಂತ."

"ಅಯ್ಯೋ ಹಾಲಮ್ಮ! ಕಟ್ಟೆ ವಿಷವೆಲ್ಲ ಅದ್ರಲ್ಲೇ ಐತೆ ಕಣ್ರೀ!" ಅಂದಳು ಸಿಂಧು.

"ಹಂಗಾರೆ ನನ್ ಮರ ಹೋಯ್ತಾ?" ಅಂದಳು ಹಾಲಮ್ಮ.

ನನಗೆ ಸಿಂಧು ಮೇಲೇ ಸಿಟ್ಟು ಬಂತು. ಮೊದಲೇ ಒಂದು ಮಾತು ಹೇಳಿಡಬಾರದಿತ್ತೆ? ಚೆನ್ನಾಗಿ ಬೈದೂಬಿಟ್ಟೆ. ಸಿಂಧು ಬೈಸಿಕೊಂಡು, "ನೀರು ಹಾಕಿದ್ರಾ?" ಎಂದಷ್ಟೇ ಕೇಳಿದಳು. ಹಾಕಿರಲಿಲ್ಲ, ಪುಣ್ಯ; ಪುಡಿ ಇನ್ನೂ ಮಣ್ಣಿಗೆ ಇಳಿಯದೆ ಮೇಲೇ ಇತ್ತು. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಒಣಮಣ್ಣಿನ ಮೇಲೆ ಆಡಿಸಿದಾಗ ಕರೀ ಪುಡಿ ಅಂಟಿಕೊಂಡು ಬಂತು. ಹಾಲಮ್ಮ ಕೈಗವಸು ಹಾಕಿಕೊಂಡು ತಾನೇ ಕೂತಳು. ಮಗುವಿನ ತಲೆಯಲ್ಲಿ ಹೇನು ಹುಡುಕುವ ಹಾಗೆ, ಬಿಸಿಲೇರುವವರೆಗೂ ಬುಡ ಬಾಚಿದಳು. ಮೇಲ್ಮಣ್ಣನ್ನೂ ಸಿಂಧು ಕೆರೆದು ಚೀಲಕ್ಕೆ ತುಂಬಿಕೊಂಡು ಹೋದಳು.

ಮರ ಕಾಯಿ ಹಿಡಿಯಿತು. ಯಾರು ಕೇಳಿದರೂ ಹಾಲಮ್ಮ ಎಳನೀರು ಕೆಡವಲು ಬಿಡಲಿಲ್ಲ. ಸಿಂಧು ಒಂದನ್ನು ಲ್ಯಾಬಿಗೆ ಒಯ್ದು, ಪರೀಕ್ಷೆ ಮಾಡಿಸಿ, "ಏನೂ ಇಲ್ಲ, ಕುಡೀಬೋದು" ಅಂದ ದಿನವೇ ಹಾಲಮ್ಮ ಮಚ್ಚು ಹಿಡಿದಳು. ಎಳನೀರು ಕೆತ್ತಿ ಸಿಂಧು ಕೈಗೇ ಕೊಟ್ಟಳು.

"ನೀನೇ ಕುಡಿ ಮೊದ್ಲು."

ಸಿಂಧು ಎತ್ತಿ ಗಟಗಟ ಕುಡಿದಳು, ಉಸಿರೂ ಬಿಡದೆ. ನೋಡುತ್ತಿದ್ದ ಹಾಲಮ್ಮನ ಕಣ್ಣು ತುಂಬಿತು.

"ಸಾಕು ಬುಡವ್ವ," ಅಂದಳು, "ನನ್ ಮರದ್ದು ನಾನೂ ಒಂಚೂರು ರುಚಿ ನೋಡ್ತೀನಿ."