ಮಂಡಿಯೂರಿ ನೋಡುವ ದೀಪದವನು

ಜಪಾನಿನ ಹಳೇ ರೇಷ್ಮೆ ನಿಲುವಂಗಿಗಳ ಪ್ರದರ್ಶನಕ್ಕೆಂದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಲ್ಲಿ ದೀಪ ಹೊಂದಿಸುವವನನ್ನು ಕಂಡರೆ ಬಾಗಿಲ ಕಾವಲುಗಾರನಿಗೆ ಮೈಯೆಲ್ಲ ಉರಿ. ಒಂದು ಬಲ್ಬನ್ನು ಕೂದಲೆಳೆಯಷ್ಟು ತಿರುಗಿಸಲು ಅರ್ಧ ದಿನ ತಿನ್ನುತ್ತಾನೆ. ಬೆಳಕು ಹೆಚ್ಚಿಸೆಂದರೆ, "ಹಳೇ ರೇಷ್ಮೆ ಕಣಣ್ಣಾ, ಬೆಳಕೇ ತಿಂದುಹಾಕುತ್ತೆ" ಎಂದು ಇನ್ನಷ್ಟು ತಗ್ಗಿಸುತ್ತಾನೆ. ಆಮೇಲೆ ಪ್ರತಿ ಪೆಟ್ಟಿಗೆಯ ಮುಂದೂ ಒಮ್ಮೆ ನಿಂತು, ಒಮ್ಮೆ ಮಂಡಿಯೂರಿ ನೋಡುತ್ತಾನೆ. "ಏನಯ್ಯಾ, ನಿಲುವಂಗಿಗೆ ಅಡ್ಡಬೀಳ್ತಿದ್ದೀಯಾ?" ಎಂದು ರೇಗಿಸಿದರೆ, "ಕೂತು ನೋಡೋರೂ ಬರ್ತಾರಲ್ಲಣ್ಣಾ" ಎಂದಷ್ಟೇ ಉತ್ತರ. ಪ್ರದರ್ಶನದ ಮೊದಲ ದಿನ ಕಾವಲುಗಾರ ತನ್ನ ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಹಿಂದಿನ ಪ್ರದರ್ಶನಗಳಲ್ಲೆಲ್ಲ ಕುರ್ಚಿಯ ಆ ತಗ್ಗಿನಿಂದ ಗಾಜಿನ ಮೇಲೆ ಬಲ್ಬಿನ ಹೊಳಪನ್ನಷ್ಟೇ ಕಂಡು ಕಣ್ಣುಜ್ಜಿಕೊಂಡು ಮರಳುತ್ತಿದ್ದ ಮುದುಕಿ, "ಮಗಾ, ರೇಷ್ಮೆ ಮೇಲಿನ ಕೊಕ್ಕರೆಯ ಒಂದೊಂದು ಗರಿಯೂ ಕಾಣ್ತಿದೆ ಕಣೋ!" ಎಂದಳು. ದೀಪದವನು ಏಣಿ ಎತ್ತಿದಾಗ ಅದರ ಇನ್ನೊಂದು ತುದಿಯನ್ನು ಬೆಳಗ್ಗೆಯಷ್ಟೇ ಅವನನ್ನು ಬೈದಿದ್ದ ಕಾವಲುಗಾರ ಹಿಡಿದುಕೊಂಡ.