ಗುಡಿಸದ ಆರು ದಿನ

ಚೊಕ್ಕಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನಾಲ್ಕು ಬ್ಲಾಕುಗಳ ಆ ವಸತಿ ಕಾಲೊನಿಯ ಜನ ಕೂಡಿ ಇಟ್ಟದ್ದು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಮೆಟ್ಟಿಲು, ಓಣಿ, ಬ್ಲಾಕುಗಳ ನಡುವಿನ ಮೈದಾನ ಎಲ್ಲವನ್ನೂ ಗುಡಿಸುವವಳು ಅವಳೇ. ಗುಡಿಸುತ್ತಾಳೆ ಅಂದರೆ ಸುಮ್ಮನೆ ಪೊರಕೆ ಆಡಿಸಿ ಹೋಗುವವರ ಪೈಕಿಯಲ್ಲ. ನಾಲ್ಕನೇ ಮಹಡಿಯಿಂದ ಶುರುಮಾಡಿ, ಒಂದೊಂದು ಮೆಟ್ಟಿಲಿನ ಮೂಲೆಗೂ ಪೊರಕೆಯ ತುದಿ ತೂರಿಸಿ, ಅಲ್ಲಿ ಅಡಗಿ ಕೂತ ಧೂಳನ್ನು ಈಚೆಗೆ ಎಳೆದು, ಅದಕ್ಕೆ ನಾಲ್ಕು ಮಾತು ಬೈದು ಕೆಳಗಿಳಿಸುತ್ತಾಳೆ. ಬಾಗಿಲ ಮುಂದೆ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಬೆಲ್ ಒತ್ತುತ್ತಾಳೆ. ಒಳಗಿರುವವರು ಬ್ಯಾಂಕ್ ಮ್ಯಾನೇಜರೇ ಆಗಿರಲಿ, ಹೊರಗೆ ಬಂದು ಜೋಡಿಸಿಟ್ಟು ಹೋಗಬೇಕು.

"ಇವಳ ಕೈಗೆ ಬಿಟ್ರೆ ಎಲೆ ಇನ್ನೂ ಮರದಲ್ಲಿರುವಾಗಲೇ ಗುಡಿಸಿಬಿಡ್ತಾಳೆ" ಎಂದು ಅವಳ ಗಂಡ ಕಾಲೊನಿಗೆಲ್ಲ ಕೇಳುವಂತೆ ತಮಾಷೆ ಮಾಡುತ್ತಿದ್ದ. ಅವನು ಲಾರಿ ಡ್ರೈವರ್. ಎತ್ತರದ ಆಳು, ಹಟಮಾರಿ, ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹಿಂದಿನ ವರ್ಷ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಅಂದಿನಿಂದ ತಮಾಷೆಯೂ ಇಲ್ಲ, ಹೊರಗೆ ಮುಖ ತೋರಿಸುವುದೂ ಇಲ್ಲ. ನೋಡಲು ಯಾರಾದರೂ ಬಂದರೆ ನಿದ್ದೆ ಬಂದವನ ಹಾಗೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಡಾಕ್ಟರು ಮಾತ್ರ ಖಡಾಖಂಡಿತವಾಗಿ ಹೇಳಿದ್ದರು. ನಡೆದರೆ ಕಾಲು ಬರುತ್ತದೆ, ನಡೆಯದಿದ್ದರೆ ಮಂಚವೇ ಗತಿ. ನಡೆಯುವುದೆಲ್ಲಿ? ಮನೆ ಅಂದರೆ ಒಂದನೇ ಬ್ಲಾಕಿನ ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ನಾಲ್ಕು ಹೆಜ್ಜೆ ಹಾಕಿದರೆ ಗೋಡೆ. ಗೇಟಿನಾಚೆ ರಸ್ತೆಯಲ್ಲಿ ಗಟ್ಟಿಮುಟ್ಟಾದವರೇ ಜೀವ ಕೈಯಲ್ಲಿ ಹಿಡಿದು ದಾಟಬೇಕು. ಉಳಿದದ್ದು ಮೈದಾನ. ಅದರ ಒಂದು ಅಂಚಿಗೆ, ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಹದಿನಾಲ್ಕು ಮರಗಳ ಸಾಲು. ಕೆಳಗೆ ಮೆತ್ತನೆ ಮಣ್ಣು. ಒಂದು ಮರ ಹಿಡಿದು ಉಸಿರು ತೆಗೆದುಕೊಂಡು ಇನ್ನೊಂದು ಮರಕ್ಕೆ ಹೋಗಬಹುದು.

"ಹೋಗ್ತೀನಿ. ಆದ್ರೆ ಒಬ್ಬರ ಕಣ್ಣಿಗೂ ಬೀಳಬಾರದು" ಎಂದು ಡ್ರೈವರ್ ಷರತ್ತು ಹಾಕಿದ.

ಹಾಗಾಗಿ ಪ್ರತಿದಿನ ಬೆಳಕು ಹರಿಯುವ ಹೊತ್ತಿಗೆ ಗಂಡ ಹೆಂಡತಿ ಹೊರಡುತ್ತಿದ್ದರು. ಅವನ ಬಲಗಾಲು ಹೆಜ್ಜೆ ಇಡುತ್ತಿತ್ತು. ಎಡಗಾಲು ಮಣ್ಣಿನಲ್ಲಿ ಎಳೆದುಕೊಂಡು ಬರುತ್ತಿತ್ತು. ಅವನನ್ನು ಮನೆ ಸೇರಿಸಿದ ಮೇಲೆ ಚೊಕ್ಕಮ್ಮ ಮಾಡುತ್ತಿದ್ದ ಮೊದಲ ಕೆಲಸ, ಆ ಎಳೆದ ಗೆರೆಯನ್ನು ಗುಡಿಸಿ ಅಳಿಸುವುದು. ಅವಳು ಒಳಗೆ ಬಂದ ಕೂಡಲೇ ಅವನು ಕೇಳುತ್ತಿದ್ದ, "ಅಳಿಸಿದ್ಯಾ?" ಅಳಿಸಿದೆ ಅಂದರೆ ಮಾತ್ರ ಟೀ ಲೋಟಕ್ಕೆ ಕೈ ಹಾಕುತ್ತಿದ್ದ. ಡ್ರೈವರ್ ಮತ್ತೆ ನಡೆಯುತ್ತಿದ್ದಾನೆ ಅನ್ನುವುದು ನಾಲ್ಕು ಬ್ಲಾಕಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಗೇಟಿಗೆ ನೋಟೀಸು ಅಂಟಿತು. ಕಾಲೊನಿಯ ನಡುವೆ 'ಬಳಕೆಯಲ್ಲಿಲ್ಲದ' ಜಾಗವಿದೆ, ಅಲ್ಲಿ ಐದು ಮಹಡಿಯ ಕಟ್ಟಡ, ಕೆಳಗೆ ಅಂಗಡಿ, ವಾಹನ ನಿಲುಗಡೆ ಬರುತ್ತದೆ ಎಂದು ವಸತಿ ಮಂಡಳಿಯವರು ಬರೆದಿದ್ದರು. ಕಾಲೊನಿ ಕುದಿಯಿತು. ನಿವಾಸಿಗಳ ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಅವರು ಮೂರು ಪುಟದ ಆಕ್ಷೇಪಣೆ ಬರೆದರು, ಎಲ್ಲರೂ ಸಹಿ ಮಾಡಿದರು. ಮಂಡಳಿಯಿಂದ ಉತ್ತರವೂ ಬಂತು. ಗುರುವಾರ ಅಧಿಕಾರಿ ಬಂದು ಜಾಗ ನೋಡುತ್ತಾರೆ.

ಇಲ್ಲೇ ನೋಡಿ ಇವರೆಲ್ಲ ಬೇಸ್ತು ಬಿದ್ದದ್ದು. ಮನೆಗೆ ನೆಂಟರು ಬರುತ್ತಾರೆ ಅಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದರು. "ಚೊಕ್ಕಮ್ಮಾ, ಗುರುವಾರ ಮೈದಾನ ಲಕಲಕ ಅನ್ನಬೇಕು ನೋಡಮ್ಮ. ನಮ್ಮ ಮರ್ಯಾದೆ ನಿನ್ನ ಕೈಲಿದೆ" ಅಂದರು ಮೇಷ್ಟ್ರು. ಅವಳಿಗೆ ಇಷ್ಟು ಹೇಳಿದರೆ ಸಾಕು. ಮೂರು ದಿನ ಸೊಂಟ ಕಟ್ಟಿ ನಿಂತಳು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದಳು. ಮುದುಕರು ಕೂರುತ್ತಿದ್ದ ಮುರುಕು ಕುರ್ಚಿಗಳನ್ನು ಶೆಡ್ಡಿಗೆ ಹಾಕಿದಳು. ಗೋಲಿಯಾಟದ ಗುಂಡಿಗಳನ್ನು ಮುಚ್ಚಿ ನೆಲ ತಟ್ಟಿದಳು. ಗುರುವಾರ ಮಕ್ಕಳನ್ನೆಲ್ಲ ಮನೆಯೊಳಗೆ ಕೂಡಿಹಾಕಿದರು, ಅಧಿಕಾರಿಗೆ ಗಲಾಟೆ ಆಗಬಾರದಲ್ಲ! ಡ್ರೈವರ್ ಎಳೆದ ಗೆರೆ ಅಂದು ಬೆಳಿಗ್ಗೆ ಎರಡೆರಡು ಸಲ ಅಳಿಸಿಹೋಯಿತು.

ಅಧಿಕಾರಿ ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು. ಮೈದಾನ ಸುತ್ತಿದಳು, ಫೋಟೋ ತೆಗೆದಳು. "ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದು ಹೊಗಳಿದಳು. ಮೇಷ್ಟ್ರು ಉಬ್ಬಿಹೋದರು. ವಾರ ಕಳೆದು ವರದಿಯ ಪ್ರತಿ ಬಂತು. ಅದರಲ್ಲಿ ಎರಡೇ ಸಾಲು: ಜಾಗ ಖಾಲಿ ಇದೆ. ಯಾರೂ ಬಳಸುತ್ತಿರುವ ಗುರುತು ಕಾಣಲಿಲ್ಲ.

ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದರು. "ತಪ್ಪು ನಂದೇ" ಅಂದರು. ಪಾಪ, ದೊಡ್ಡ ಮನುಷ್ಯ, ಒಪ್ಪಿಕೊಂಡರು. ಆದರೆ ಚೊಕ್ಕಮ್ಮನ ಎದೆಗೆ ಅದು ನಾಟಿತು. ಇಪ್ಪತ್ತಾರು ವರ್ಷ ಯಾವ ಕೈಯನ್ನು ಎಲ್ಲರೂ ಹೊಗಳಿದ್ದರೋ ಆ ಕೈಯೇ ಗಂಡನ ದಾರಿಯನ್ನು ಒರೆಸಿಹಾಕಿತ್ತು. ಅವಳು ಮನೆಗೆ ಬಂದು ಒಲೆಯ ಮುಂದೆ ನಿಂತು ಸದ್ದಿಲ್ಲದೆ ಅತ್ತಳು. ಗಂಡ ಕೇಳಿದ್ದಕ್ಕೆ ಈರುಳ್ಳಿ ಅಂದಳು. ಅವತ್ತು ಅಡುಗೆಗೆ ಈರುಳ್ಳಿಯೇ ಇರಲಿಲ್ಲ.

ಮೇಷ್ಟ್ರು ಮಂಡಳಿಗೆ ಅಲೆದಲೆದು ಇನ್ನೊಂದು ಅವಕಾಶ ಗಿಟ್ಟಿಸಿದರು. ಹತ್ತು ದಿನದೊಳಗೆ ಅಧಿಕಾರಿ ಮತ್ತೆ ಬರುತ್ತಾಳೆ. ಆದರೆ ಯಾವತ್ತು, ಎಷ್ಟು ಗಂಟೆಗೆ ಅಂತ ಹೇಳುವುದಿಲ್ಲ. ಬಂದವರೇ ಮೇಷ್ಟ್ರು ಒಂದು ವೇಳಾಪಟ್ಟಿ ಬರೆದರು. ಏಳರಿಂದ ಎಂಟು ಒಂದನೇ ಬ್ಲಾಕಿನವರು ವಾಕಿಂಗ್, ಎಂಟರಿಂದ ಒಂಬತ್ತು ಎರಡನೇ ಬ್ಲಾಕಿನವರು ಹರಟೆ.

"ನಾಟಕ ಯಾಕೆ ಮೇಷ್ಟ್ರೇ?" ಚೊಕ್ಕಮ್ಮ ಎಲ್ಲರೆದುರು ಕೇಳಿಬಿಟ್ಟಳು. "ಸಾಲಾಗಿ ನಿಂತು ಹರಟೆ ಹೊಡೆದ್ರೆ ಆ ಮೇಡಂಗೆ ಗೊತ್ತಾಗಲ್ವಾ? ನೀವೆಲ್ಲ ದಿನಾ ಹೇಗಿದ್ರೋ ಹಾಗೇ ಇರಿ. ನಾನೊಬ್ಬಳು ಕೈ ಕಟ್ಕೊಂಡು ಕೂತರೆ ಸಾಕು."

ಮೇಷ್ಟ್ರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರು.

ಕೈ ಕಟ್ಟಿ ಕೂರುತ್ತೇನೆ ಅಂದಷ್ಟು ಸುಲಭವೇ! ಮೊದಲ ದಿನವೇ ಮನೆಯಲ್ಲಿ ಯುದ್ಧ. "ಗುಡಿಸಲ್ಲ ಅಂದ್ರೆ ನಾನು ನಡೆಯಲ್ಲ" ಎಂದು ಗಂಡ ಮುಖ ತಿರುಗಿಸಿದ. "ನಡೀದಿದ್ರೆ ನಾನು ಊಟ ಹಾಕಲ್ಲ" ಅಂದಳು ಇವಳು. ಮರಗಳ ಸಾಲಿನ ಕಡೆ ಯಾರೂ ಸುಳಿಯುವುದಿಲ್ಲ, ಸುಳಿದರೂ ಇದು ಯಾವ ಗೆರೆ ಅಂತ ಯಾರಿಗೆ ಗೊತ್ತಾಗುತ್ತದೆ ಎಂದು ಗೋಗರೆದು ಹೊರಡಿಸಿದಳು. ಅವನು ಗೊಣಗುತ್ತಲೇ ನಡೆದ. ಅತ್ತ ಮೈದಾನದಲ್ಲಿ ಎಲೆ ಬಿತ್ತು, ಕಾಗದ ಬಿತ್ತು, ಕಡಲೆಕಾಯಿ ಸಿಪ್ಪೆ ಬಿತ್ತು. ಚೊಕ್ಕಮ್ಮನ ಕೈ ಕಡಿಯುತ್ತಿತ್ತು. ತಡೆಯಲಾರದೆ ಮೆಟ್ಟಿಲುಗಳನ್ನೇ ದಿನಕ್ಕೆ ಮೂರು ಸಲ ಗುಡಿಸಿದಳು. ನಾಲ್ಕನೆಯ ದಿನ ಒಂದು ಬಿಸ್ಕತ್ತಿನ ಹೊದಿಕೆ ಗಾಳಿಗೆ ಅವಳ ಕಾಲ ಬುಡಕ್ಕೇ ಬಂದು ಕೂತಿತು. ಬಗ್ಗಿ, ಕೈ ಚಾಚಿ, ಹಲ್ಲು ಕಚ್ಚಿ ಅದನ್ನು ಅಲ್ಲೇ ಬಿಟ್ಟು ಎದ್ದಳಲ್ಲ, ಆ ಕೆಲಸಕ್ಕೆ ಬೇಕಾದ ಗಟ್ಟಿತನ ನನಗಂತೂ ಇಲ್ಲ.

ಆರನೆಯ ದಿನ ಹನ್ನೊಂದು ಗಂಟೆಗೆ ಅಧಿಕಾರಿ ಬಂದಳು. ಮಕ್ಕಳೆಲ್ಲ ಶಾಲೆಯಲ್ಲಿ, ದೊಡ್ಡವರು ಕೆಲಸದಲ್ಲಿ, ಮುದುಕರು ಬಿಸಿಲಿಗೆ ಒಳಗೆ. ಮೇಷ್ಟ್ರು ಕೂಡ ಊರಲ್ಲಿರಲಿಲ್ಲ. ಮೈದಾನದಲ್ಲಿ ಒಂದು ಪಿಳ್ಳೆಯೂ ಇಲ್ಲ.

"ಇವತ್ತೂ ಯಾರೂ ಇಲ್ಲವಲ್ಲಮ್ಮ" ಎಂದಳು ಅಧಿಕಾರಿ. ದನಿಯಲ್ಲಿ ಬೇಸರವಿತ್ತು, ಕೊಂಕು ಇರಲಿಲ್ಲ.

"ಜನ ಇಲ್ಲ ಮೇಡಂ, ಕಸ ಇದೆ. ಬನ್ನಿ, ತೋರಿಸ್ತೀನಿ."

ಇಪ್ಪತ್ತಾರು ವರ್ಷ ಬಗ್ಗಿ ನೋಡಿದ ನೆಲ ಅದು. ಚೊಕ್ಕಮ್ಮ ಮುಂದೆ ಮುಂದೆ ನಡೆದು ಒಂದೊಂದನ್ನೇ ತೋರಿಸಿದಳು. "ಈ ಕಡಲೆಕಾಯಿ ಸಿಪ್ಪೆ ಮೂರನೇ ಬ್ಲಾಕಿನ ನಾಲ್ಕು ಜನ ಯಜಮಾನರದ್ದು. ದೀಪ ಹಚ್ಚೋ ತನಕ ಇಸ್ಪೀಟು. ನಾಲ್ಕು ಗುಡ್ಡೆ ಇದ್ಯಲ್ಲ, ಈ ಚಿಕ್ಕ ಗುಡ್ಡೆಯವರಿಗೆ ಹಲ್ಲಿಲ್ಲ. ಇದು ಪೆನ್ಸಿಲ್ ಹೆರೆದ ಪುಡಿ. ಮೇಲಿನ ಮನೆ ಅಕ್ಕ ತಂಗಿ ಪರೀಕ್ಷೆಗೆ ಇಲ್ಲೇ ಓದೋದು, ಅವರ ಮನೇಲಿ ಏಳು ಜನ. ಈ ದಾರದ ತುಂಡು, ಗುಂಡಿ, ಇದು ಟೈಲರಮ್ಮನದು. ಸಂಜೆ ಬೆಳಕಿಗೆ ಕೈಹೊಲಿಗೆ ಹಾಕ್ತಾಳೆ. ಇದು ಮಗುವಿನ ಕಾಲ್ಚೀಲ, ಒಂದೇ ಇದೆ, ಇನ್ನೊಂದು ಅದರ ಬಾಯಲ್ಲಿರುತ್ತೆ."

ಅಧಿಕಾರಿ ನಕ್ಕಳು. ಬರೆದುಕೊಳ್ಳುತ್ತಾ ಹೋದಳು. ಹಾಗೇ ಬರೆಯುತ್ತಾ ಮರಗಳ ಸಾಲಿಗೆ ಬಂದು ನಿಂತಳು. ಮಣ್ಣಿನಲ್ಲಿ ಒಂದು ಹೆಜ್ಜೆ, ಪಕ್ಕದಲ್ಲಿ ಉದ್ದನೆ ಗೆರೆ. ಒಂದು ಹೆಜ್ಜೆ, ಮತ್ತೆ ಗೆರೆ.

"ಇದೇನಮ್ಮ?"

ಒಂದನೇ ಬ್ಲಾಕಿನ ನೆಲಮಹಡಿಯ ಕಿಟಕಿಯ ಪರದೆ ಅಲುಗಿದ್ದನ್ನು ಚೊಕ್ಕಮ್ಮ ಕಂಡಳು. ಹೇಳಿದರೆ ಗಂಡನಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಅವನ ಕಾಲು ಹೋಗುತ್ತದೆ. ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಯಜಮಾನರದು ಮೇಡಂ. ಲಕ್ವ ಹೊಡೆದಿತ್ತು. ಮರ ಹಿಡ್ಕೊಂಡು ನಡೆಯೋದು ಕಲೀತಿದ್ದಾರೆ. ಯಾರಿಗೂ ಗೊತ್ತಾಗಬಾರದು ಅಂತ ದಿನಾ ನಾನೇ ಅಳಿಸ್ತಿದ್ದೆ. ನೀವು ಹೋದ ಸಲ ಬಂದಾಗಲೂ ಅಳಿಸಿದ್ದೆ."

ಅಧಿಕಾರಿ ಗೆರೆಯ ಪಕ್ಕದಲ್ಲಿ, ಅದನ್ನು ತುಳಿಯದಂತೆ, ಮರಗಳನ್ನು ಎಣಿಸುತ್ತಾ ಗೆರೆ ಮುಗಿಯುವವರೆಗೆ ನಡೆದಳು. "ಹನ್ನೊಂದು" ಅಂದಳು.

"ಮೊದಲ ತಿಂಗಳು ಎರಡು ಮರ ಮೇಡಂ" ಅಂದಳು ಚೊಕ್ಕಮ್ಮ. ಅಷ್ಟು ಹೇಳುವಾಗ ಅವಳಿಗೆ ಎಲ್ಲಿಲ್ಲದ ಹೆಮ್ಮೆ ಬಂತು. ಒಂದು ವರ್ಷದಿಂದ ಯಾರ ಹತ್ತಿರವೂ ಹೇಳಿಕೊಳ್ಳದ ಹೆಮ್ಮೆ.

ಮನೆಗೆ ಹೋದರೆ ಗಂಡ ಕೆಂಡವಾಗಿದ್ದ. "ನನ್ನ ಕುಂಟುಗಾಲನ್ನ ಸರ್ಕಾರಿ ಕಾಗದಕ್ಕೆ ಏರಿಸಿಬಿಟ್ಟೆಯಲ್ಲೇ."

"ಏರಿಸಿದೆ. ಎಷ್ಟು ಬೇಕಾದ್ರೂ ಬಯ್ರಿ. ಆದ್ರೆ ನಾಳೆ ನಡೀರಿ."

ಅವನು ನಡೆಯಲಿಲ್ಲ. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಅವಳು ಮೈದಾನವನ್ನು ಮತ್ತೆ ಗುಡಿಸತೊಡಗಿದಳು. ಮರಗಳ ಕೆಳಗೆ ಗುಡಿಸಲು ಬರೀ ಎಲೆ. ಜಾಗ ಉಳಿದರೂ ನಡೆಯುವವನೇ ಇಲ್ಲದಿದ್ದರೆ ಏನು ಬಂತು ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದಳು. ಆದರೂ ದಿನಾ ಬೆಳಕು ಹರಿಯುವ ಹೊತ್ತಿಗೆ ಅವನ ಚಪ್ಪಲಿಯನ್ನು ಮಂಚದ ಬಳಿ ತಂದಿಡುವುದನ್ನು ಬಿಡಲಿಲ್ಲ.

ಮೂರು ವಾರದ ಮೇಲೆ ಮಂಡಳಿಯ ಕಾಗದ ಬಂತು. ಮೇಷ್ಟ್ರು ಮೈದಾನದಲ್ಲೇ ನಿಂತು, ಪಾಠ ಓದುವ ದನಿಯಲ್ಲಿ ಎಲ್ಲರಿಗೂ ಓದಿ ಹೇಳಿದರು. ಜಾಗ ನಿತ್ಯ ಬಳಕೆಯಲ್ಲಿದೆ, ಕಟ್ಟಡದ ಯೋಜನೆ ಕೈಬಿಡಲಾಗಿದೆ. ಜನ ಚಪ್ಪಾಳೆ ತಟ್ಟಿದರು. ಕೆಳಗೆ ವರದಿಯ ಸಾಲುಗಳಿದ್ದವು. ಅವನ್ನೂ ಮೇಷ್ಟ್ರು ಓದಿದರು. "ಹನ್ನೊಂದು ಮರಗಳ ಉದ್ದಕ್ಕೂ ಇಲ್ಲಿ ಒಬ್ಬರು ಮತ್ತೆ ನಡೆಯಲು ಕಲಿಯುತ್ತಿದ್ದಾರೆ." ಚಪ್ಪಾಳೆ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಒಂದನೇ ಬ್ಲಾಕಿನ ಕಿಟಕಿಯ ಕಡೆ ತಿರುಗಿದರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. "ಹನ್ನೊಂದಾ!" ಎಂದು ಹಲ್ಲಿಲ್ಲದ ಯಜಮಾನರು ಬಾಯಿ ತೆರೆದು ನಿಂತುಬಿಟ್ಟರು.

ಮಾರನೆಯ ದಿನ ಎಂಟು ಗಂಟೆ. ಮಕ್ಕಳು ಬ್ಯಾಗು ಹೊತ್ತು ಶಾಲೆಗೆ ಹೊರಟ ಹೊತ್ತು, ಮೈದಾನ ಗಿಜಿಗುಡುತ್ತಿತ್ತು. ಡ್ರೈವರ್ ಬಾಗಿಲು ತೆರೆದು ಹೊರಗೆ ಬಂದ. ಹೆಂಡತಿಯನ್ನು ಕರೆಯಲಿಲ್ಲ. ಮೊದಲ ಮರ ಹಿಡಿದ, ಎರಡನೆಯದು ಹಿಡಿದ. ಮೂರು ವಾರ ಮಲಗಿದ್ದ ಕಾಲು, ಏಳನೆಯ ಮರಕ್ಕೇ ಸೋತಿತು. ಬೆವರು ಸುರಿಸುತ್ತಾ ಅಲ್ಲೇ ಬೇರಿನ ಮೇಲೆ ಕೂತುಕೊಂಡ.

ಮೆಟ್ಟಿಲು ಮುಗಿಸಿ ಬಂದ ಚೊಕ್ಕಮ್ಮ ಗೆರೆಯ ತುದಿಯಲ್ಲಿ ಪೊರಕೆ ಹಿಡಿದು ನಿಂತಳು. ಕೈ ಮುಂದಕ್ಕೆ ಹೋಗಲಿಲ್ಲ. ಕಣ್ಣು ತುಂಬಿ ಗೆರೆಯೇ ಕಾಣಿಸುತ್ತಿರಲಿಲ್ಲ.

"ಏನು ನೋಡ್ತಾ ನಿಂತೆ?" ಗಂಡ ಎಲ್ಲರಿಗೂ ಕೇಳುವಂತೆ ಕೂಗಿದ. "ಗುಡಿಸೇ. ನಾಳೆ ಮತ್ತೆ ಎಳೀತೀನಿ."