ಯಾವ ಹೊಗೆ, ಯಾವ ಬೀಡಿ

ಬೆಟಗೇರಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯ ಬಿಟ್ಟ ಹೊಗೆಯಿಂದ ಎಂದು ಎಂಟನೆಯ ಇಯತ್ತೆಯ ಮಕ್ಕಳಿಗೆ ಒಂದು ತಾಸಿನಲ್ಲಿ ತಿಳಿಸಿಬಿಡುತ್ತೇನೆ. ಹೊಂಬಳದಲ್ಲಿ ಹೊಲ ಮಾಡಿಕೊಂಡಿರುವ ನನ್ನ ಅಣ್ಣನಿಗೆ ಮಾತ್ರ ಇಷ್ಟು ವರ್ಷವಾದರೂ ತಿಳಿಸಲು ಆಗಿಲ್ಲ. ಅವನ ಮುಂದೆ ಕುಳಿತರೆ ಸಾಕು, ನನ್ನ ತಲೆ ಕೆಟ್ಟು ಕೆರ ಹಿಡಿದುಹೋಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ರವಿವಾರದ ಊಟವೊಂದೇ. ನಾನು ಬಸ್ಸು ಹತ್ತಿ ಹೋಗಬೇಕು, ಅಣ್ಣನ ಹೆಂಡತಿ ವೈನಿ ರೊಟ್ಟಿ ಬಡಿಯಬೇಕು, ಅಣ್ಣ ತನ್ನ ತಾಟಿನ ಬೆಣ್ಣೆಯನ್ನು ನನ್ನ ತಾಟಿಗೆ ಹಾಕಬೇಕು. "ವಾದಾ ಮಾಡಿ ಮಾಡಿ ಆ ಊಟಾನೂ ಕಳಕೊಂಡೀರಿ, ನೋಡ್ರಿ ಮತ್ತ," ಎಂದು ನನ್ನ ಹೆಂಡತಿ ಪ್ರತಿ ಸಲ ಹೇಳಿ ಕಳಿಸುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಹೋಗಿ ವಾದ ಮಾಡುತ್ತಿದ್ದೆ.

ಆ ವರ್ಷ ಹೆಸರುಕಾಳಿನ ಬೆಳೆ ಕೈಗೆ ಬರುವ ಹೊತ್ತಿಗೆ ವಾರಗಟ್ಟಲೆ ಮಳೆ ಹಿಡಿಯಿತು. ಗಿಡದ ಮೇಲೇ, ಕಾಯಿಯೊಳಗೇ ಕಾಳು ಮೊಳಕೆ ಒಡೆದವು. ಅಣ್ಣ ಅಂಥದೊಂದು ಕಾಯಿ ಸುಲಿದು ಪಡಸಾಲೆಯಲ್ಲಿ ನನ್ನ ಮುಂದೆ ಹಿಡಿದ. ನಾನು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು.

"ನಾ ಹೇಳಿದ್ದಿಲ್ಲೇನು? ಗಾಳಿ ಬಿಸಿ ಆದಷ್ಟೂ ನೀರು ಜಾಸ್ತಿ ಹಿಡಿತೈತಿ. ಸುರಿಯೂವಾಗ ಹಿಂಗ ಸುರಿತೈತಿ," ಅಂದೆ.

"ಅಪ್ಪನ ಕಾಲದಾಗೂ ಹೆಸರು ಮೊಳಕಿ ಒಡದಿತ್ತು. ಆವಾಗ ಯಾರು ಹೊಗಿ ಬಿಟ್ಟಿದ್ರು?"

"ಆವಾಗ ಅಪರೂಪಕ್ಕ ಆಗತಿತ್ತು. ಈಗ ಪದೇ ಪದೇ ಆಗಾಕತ್ತೈತಿ."

"ಅದೆಲ್ಲಾ ಬಿಡಲೇ. ನನ್ನ ಹೊಲದಾಗ ಬಿದ್ದ ಈ ಮಳಿ ಯಾವ ಹೊಗಿಯಿಂದ ಬಂತು, ತೋರಸು. ಒಂದ ಒಂದು ತೋರಸು."

"ಒಂದು ಮಳಿಗೆ ಹಂಗ ಹೇಳಾಕ ಬರೂದಿಲ್ಲಣ್ಣಾ. ಹೊಗಿ ಹೆಚ್ಚಾದಂಗ ಇಂಥಾ ಮಳಿ ಬರೂ ಸಂಭವ ಹೆಚ್ಚಾಗತೈತಿ."

ಅಣ್ಣ ತೊಡೆ ತಟ್ಟಿ ನಕ್ಕ. "ಕೇಳಿದೇನ? ಮಾಸ್ತರಗ ಗೊತ್ತಿಲ್ಲಂತ!" ಎಂದು ಒಲೆಯ ಮುಂದಿದ್ದ ವೈನಿಗೆ ಕೂಗಿ ಹೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ಅನ್ಯಾಯ ನೋಡಿ! ಗೊತ್ತಿದ್ದಷ್ಟನ್ನೇ ಹೇಳುವವನು ಸೋಲಬೇಕು, ಒಂದು ಪುಟ ತಿರುವಿ ನೋಡದವನು ತೊಡೆ ತಟ್ಟಬೇಕು.

"ಹಂಗಾದ್ರ ಅಪ್ಪಗ ಕ್ಯಾನ್ಸರ್ ತಂದಿದ್ದು ಯಾವ ಬೀಡಿ? ನೀನೂ ಒಂದ ಒಂದು ತೋರಸು," ಅಂದುಬಿಟ್ಟೆ.

ಅಣ್ಣನ ನಗು ನಿಂತಿತು. ಅಪ್ಪನಿಗೆ ಕೆಮ್ಮು ಶುರುವಾದಾಗಲೇ ಡಾಕ್ಟರು ಬೀಡಿ ಬಿಡು ಅಂದಿದ್ದರು. ಆಮೇಲಿನ ನಾಲ್ಕು ವರ್ಷ ಕದ್ದುಮುಚ್ಚಿ ಬೀಡಿ ತಂದುಕೊಟ್ಟವನು ಅಣ್ಣ. ಅಪ್ಪ ಕೈ ಹಿಡಿದು ಕೇಳುತ್ತಿದ್ದ, ಅಣ್ಣನಿಗೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. "ಇದೊಂದರಿಂದ ಏನಾಗತೈತಿ ತಗೋ," ಎಂದು ಕೊಟ್ಟುಬಿಡುತ್ತಿದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನ ಮಣ್ಣಾದ ಮೇಲೂ ಯಾರೂ ಆ ಮಾತು ಎತ್ತಿರಲಿಲ್ಲ. ಅವನಿಗೆ ಚುಚ್ಚಬೇಕೆಂದು ನಾನು ಅಂದದ್ದಲ್ಲ. ವಾದಕ್ಕೆ ಸರಿಹೊಂದುವ ಉದಾಹರಣೆ ಸಿಕ್ಕಿತು, ಎಸೆದೆ. ಥೂ ನನ್ನ ಬುದ್ಧಿಗಿಷ್ಟು!

ಅವತ್ತು ಉಣ್ಣದೆ ಎದ್ದು ಬಂದೆ. ಮುಂದಿನ ಎರಡು ರವಿವಾರ ಹೋಗಲು ಮುಖವಿರಲಿಲ್ಲ. ಮೂರನೆಯದಕ್ಕೆ ಹೆಂಡತಿ ಬೈದು ಬಸ್ಸು ಹತ್ತಿಸಿದಳು.

ಅಣ್ಣ ವಾದ ತೆಗೆಯಲಿಲ್ಲ. ಮಳೆಯ ಸುದ್ದಿಯನ್ನೂ ಎತ್ತಲಿಲ್ಲ. ಬೆಣ್ಣೆಯನ್ನು ನನ್ನ ತಾಟಿಗೆ ಹಾಕಿ, ಮುಖ ನೋಡದೆ ಕೇಳಿದ:

"ತಮ್ಮಾ, ನೀ ಓದಿದಾಂವ. ಖರೆ ಹೇಳು. ಕಡೀಕ ನಾ ತಂದುಕೊಟ್ಟೆ ನೋಡು, ಆ ಬೀಡಿಯಿಂದನ ಆತೇನ?"

ನನ್ನ ಹತ್ತಿರ ಇದ್ದದ್ದು ಅದೇ ಹಳೆಯ ಉತ್ತರ.

"ಅದರಿಂದನ ಅಂತ ಹೇಳಾಕ ಬರೂದಿಲ್ಲಣ್ಣಾ."

"ಅದರಿಂದ ಅಲ್ಲ ಅಂತ ಹೇಳಾಕ ಬರತೈತೇನ?"

"ಅದೂ ಬರೂದಿಲ್ಲ."

ಈ ಸಲ ಅವನು ನಗಲಿಲ್ಲ.